ಮೂಲಮನೆಯ ಸಾಮಾನು, ಹೊಸ ಮನೆಯ ಗೋಡೆ: ಮಲೆನಾಡಿನಲ್ಲಿ ಮ್ಯಾಕ್ಸಿಮಲಿಸ್ಟ್ ಅಲಂಕಾರ ಮಾಡುವುದು ಹೇಗೆ?

ಪ್ರಶ್ನೆ: ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಸೀಮೆಯಲ್ಲಿದ್ದ ನಮ್ಮ ಮೂಲಮನೆ ಪಾಲಾಗಿ, ಈ ಬೇಸಿಗೆಯಲ್ಲಿ ಅದನ್ನು ಬಿಚ್ಚಿದರು. ದಾಯಾದಿಗಳು ಬೇಡವೆಂದು ಬಿಟ್ಟ ಸಾಮಾನುಗಳನ್ನೆಲ್ಲ ನಾನು ಶಿವಮೊಗ್ಗದ ವಿನೋಬನಗರದಲ್ಲಿ ಹೊಸದಾಗಿ ಕಟ್ಟಿಸಿರುವ ಮನೆಗೆ ತಂದಿರಿಸಿದ್ದೇನೆ. ಬೋದಿಗೆ (ಕಂಬದ ತಲೆಯ ಮೇಲೆ ಕೂರುವ ತುಂಡು) ಸಮೇತ ಎರಡು ಮರದ ಕಂಬಗಳು, ತಾಮ್ರದ ಹಂಡೆ, ಹಿತ್ತಾಳೆಯ ಕೊಪ್ಪರಿಗೆಗಳು, ಗೋಡೆಯಿಂದ ಕಿತ್ತ ಗಿಳಿಗೂಟಗಳು, ಪೆಟಾರಿ ಎನ್ನುವ ದೊಡ್ಡ ಮರದ ಪೆಟ್ಟಿಗೆ, ಬೆತ್ತ ಹೆಣೆದ ಆರಾಮಕುರ್ಚಿ, ರವಿವರ್ಮ ಪ್ರೆಸ್ಸಿನ ದೇವರ ಪಟಗಳು, ಕುಟುಂಬದ ಕಪ್ಪುಬಿಳುಪು ಫೋಟೋಗಳು, ಕಂಬಳಿ, ಕೌದಿ, ಮುಂಡುಗದ ಚಾಪೆ ಇವೆ. ಜಗುಲಿಯ ಗೋಡೆಯ ಮೇಲಿದ್ದ ಕಡವೆಯ ಕೊಂಬು ಮತ್ತು ದೇವರ ಕೋಣೆಯಲ್ಲಿದ್ದ ತಾಳೆಗರಿಯ ಕಟ್ಟೊಂದು ಕೂಡ ಇವುಗಳ ಜೊತೆಗೇ ಬಂದಿವೆ.

ಒಳಾಂಗಣ ವಿನ್ಯಾಸದವರು ತೋರಿಸಿದ ನಕ್ಷೆಯಲ್ಲಿ ಗೋಡೆಗಳು ಬೂದು ಮತ್ತು ಬಿಳಿ ಬಣ್ಣದಲ್ಲಿವೆ, ಫಾಲ್ಸ್ ಸೀಲಿಂಗ್ ಇದೆ, ಟಿವಿಯ ಪಕ್ಕದ ಗಾಜಿನ ಕಪಾಟಿನಲ್ಲಿ ಎರಡೋ ಮೂರೋ ಹಿತ್ತಾಳೆ ಪಾತ್ರೆಗಳಿಗಷ್ಟೇ ಜಾಗವಿದೆ. ಉಳಿದದ್ದೆಲ್ಲ ಅಟ್ಟಕ್ಕೆ ಹೋಗಬೇಕಂತೆ. ನನಗೆ ಅದು ಒಪ್ಪಿಗೆಯಿಲ್ಲ. ಗಾಢ ಬಣ್ಣದ ಗೋಡೆ, ನೆಲದಿಂದ ಸೂರಿನವರೆಗೆ ತೂಗುಹಾಕಿದ ಪಟಗಳು, ಬಗೆಬಗೆಯ ಬಟ್ಟೆ, ಎಲ್ಲೆಡೆ ವಸ್ತುಗಳಿರುವ ಮ್ಯಾಕ್ಸಿಮಲಿಸ್ಟ್ ಶೈಲಿಯ ಮನೆಗಳ ಚಿತ್ರಗಳನ್ನು ನೋಡಿದ ಮೇಲೆ, ನಮ್ಮ ಮನೆಯ ಮುಂದಿನ ಕೋಣೆಯೂ ಹಾಗೆ ತುಂಬಿಕೊಂಡಿರಲಿ ಎನ್ನಿಸುತ್ತಿದೆ. ಮನೆಯವರ ಆತಂಕ ಬೇರೆಯದೇ ಆಗಿದೆ: ಕೊನೆಗೆ ಅದು ಗುಜರಿ ಅಂಗಡಿಯಂತೆ ಕಂಡರೆ ಏನು ಮಾಡುವುದು ಎಂದು ಅವರು ಕೇಳುತ್ತಾರೆ. ನಮ್ಮ ಅತ್ತೆಯವರಂತೂ, ಮಳೆಗಾಲದಲ್ಲಿ ಇಷ್ಟನ್ನೆಲ್ಲ ಒರೆಸುವವರು ಯಾರು ಎಂದು ಈಗಾಗಲೇ ಕೇಳಿದ್ದಾರೆ.

ಗೋಡೆಯ ಬಣ್ಣವನ್ನು ಹೇಗೆ ಆರಿಸಬೇಕು, ವಸ್ತುಗಳನ್ನು ಯಾವ ಕ್ರಮದಲ್ಲಿ ಇಡಬೇಕು, ವಾಲ್‌ಪೇಪರ್ ನಮ್ಮ ಹವೆಗೆ ತಾಳುತ್ತದೆಯೇ ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಉತ್ತರ: ಬೋದಿಗೆ (ಒಳಾಂಗಣ ವಿನ್ಯಾಸಕ, ಶಿವಮೊಗ್ಗ)

ನಿಮ್ಮ ಆಸೆ ಸರಿಯಾಗಿದೆ, ಅದನ್ನು ಬಿಟ್ಟುಕೊಡಬೇಡಿ. ಮನೆಯವರ ಆತಂಕವೂ ಸರಿಯಾದದ್ದೇ, ಏಕೆಂದರೆ ತುಂಬಿದ ಕೋಣೆಗೂ ರಾಶಿಬಿದ್ದ ಕೋಣೆಗೂ ಇರುವ ವ್ಯತ್ಯಾಸ ವಸ್ತುಗಳ ಸಂಖ್ಯೆಯಿಂದ ತೀರ್ಮಾನವಾಗುವುದಿಲ್ಲ. ಒಂದು ವಸ್ತು ಪಕ್ಕದ ವಸ್ತುವಿನೊಂದಿಗೆ ಬಣ್ಣದಿಂದಲೋ ಆಕಾರದಿಂದಲೋ ಲೋಹದಿಂದಲೋ ಸಂಬಂಧ ಇಟ್ಟುಕೊಂಡಿದೆಯೇ ಎಂಬುದೇ ಅದನ್ನು ತೀರ್ಮಾನಿಸುತ್ತದೆ.

ಈ ಶೈಲಿ ಎಲ್ಲಿಂದ ಬಂತು ಎಂಬುದನ್ನು ಸ್ವಲ್ಪ ತಿಳಿದುಕೊಂಡರೆ ನಿಮ್ಮ ಕೆಲಸ ಹಗುರವಾಗುತ್ತದೆ. 17ನೆಯ ಶತಮಾನದಲ್ಲಿ ಆರಂಭವಾದ ಪ್ಯಾರಿಸ್ಸಿನ ಸಲೋನ್ ಎಂಬ ಚಿತ್ರಕಲಾ ಪ್ರದರ್ಶನಗಳಲ್ಲಿ ಚಿತ್ರಗಳನ್ನು ಚೌಕಟ್ಟಿಗೆ ಚೌಕಟ್ಟು ತಾಗುವಷ್ಟು ಒತ್ತಾಗಿ, ಸೂರಿನವರೆಗೂ ತೂಗುಹಾಕುತ್ತಿದ್ದರು. ಇಂದು ಗ್ಯಾಲರಿ ಗೋಡೆ ಎಂದು ಕರೆಯುವ ಪದ್ಧತಿಯ ಮೂಲ ಅಲ್ಲಿದೆ. 1836ರಲ್ಲಿ ಬ್ರಿಟನ್ ವಾಲ್‌ಪೇಪರ್ ಮೇಲಿನ ತೆರಿಗೆಯನ್ನು ತೆಗೆದುಹಾಕಿತು. ಯಂತ್ರಗಳ ಮುದ್ರಣವೂ ಜೊತೆಗೂಡಿದಾಗ ಮಧ್ಯಮ ವರ್ಗದ ಮನೆಗಳ ಗೋಡೆಗಳೂ ಬಳ್ಳಿ, ಹೂವು, ಹಕ್ಕಿಗಳಿಂದ ತುಂಬಿದವು, ಮತ್ತು ಇಂಗ್ಲೆಂಡಿನ ವಿನ್ಯಾಸಕ ವಿಲಿಯಂ ಮಾರಿಸ್ ಅವರ ವಿನ್ಯಾಸಗಳು ಆ ಕಾಲದ ಅತ್ಯುತ್ತಮ ಮಾದರಿಗಳಾಗಿ ಉಳಿದವು. 20ನೆಯ ಶತಮಾನದ ಆಧುನಿಕತೆ ಇದನ್ನೆಲ್ಲ ಗುಡಿಸಿಹಾಕಿತು. ಅದಕ್ಕೆ ಪ್ರತಿಯಾಗಿ 1981ರಲ್ಲಿ ಮಿಲಾನಿನಲ್ಲಿ ವಿನ್ಯಾಸಕ ಎತ್ತೋರೆ ಸೊತ್ಸಾಸ್ ಅವರ ಮೆಂಫಿಸ್ ಗುಂಪು ಗಾಢ ಬಣ್ಣದ, ಚಿತ್ತಾರ ತುಂಬಿದ ಪೀಠೋಪಕರಣಗಳನ್ನು ಪ್ರದರ್ಶನಕ್ಕಿಟ್ಟಿತು.

ಆದರೆ ತುಂಬಿದ ಮೇಲ್ಮೈಯನ್ನು ಅರ್ಥಮಾಡಿಕೊಳ್ಳಲು ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯಲ್ಲಿ ಬೊಗಸೆಯಷ್ಟು ಜಾಗವೂ ಖಾಲಿಯಿಲ್ಲ. ಆದರೂ ನೋಡುವವರ ಕಣ್ಣಿಗೆ ದಣಿವಾಗುವುದಿಲ್ಲ. ಕಾರಣ, ತಳದಲ್ಲಿ ಆನೆಗಳ ಪಟ್ಟಿಕೆ, ಅದರ ಮೇಲೆ ಸಿಂಹಗಳದ್ದು, ಬಳ್ಳಿಯದ್ದು, ಕುದುರೆ ಸವಾರರದ್ದು ಎಂದು ಅಡ್ಡಸಾಲುಗಳು ಬಿಗಿಯಾಗಿ ನಿಂತಿವೆ, ಮತ್ತು ಪ್ರತಿ ಪಟ್ಟಿಕೆಯಲ್ಲೂ ಒಂದೇ ಆಕಾರ ಮತ್ತೆ ಮತ್ತೆ ಬರುತ್ತದೆ. ದೊಡ್ಡ ವಿಗ್ರಹಗಳ ಸಾಲು ಆ ಸಣ್ಣ ಪಟ್ಟಿಕೆಗಳ ಮೇಲೆ ನಿಲ್ಲುತ್ತದೆ. ಹತ್ತಿರದಲ್ಲೇ ನೋಡಬೇಕೆಂದರೆ ತರೀಕೆರೆ ಬಳಿಯ ಅಮೃತಾಪುರಕ್ಕೆ ಹೋಗಿ ಬನ್ನಿ. 1196ರ ಆ ಅಮೃತೇಶ್ವರ ದೇವಾಲಯದ ಒಳಗೆ ಮಿರುಗುವ ಕಂಬಗಳ ಸಾಲು ಮತ್ತು ಒಂದಕ್ಕಿಂತ ಒಂದು ಭಿನ್ನವಾದ ಭುವನೇಶ್ವರಿಗಳು (ಕೆತ್ತನೆಯ ಒಳಛಾವಣಿಗಳು) ಅಕ್ಕಪಕ್ಕದಲ್ಲಿ ಹೇಗೆ ಹೊಂದಿಕೊಂಡಿವೆ ಎಂಬುದನ್ನು ನೋಡಬಹುದು.

ಈ ಕ್ರಮವನ್ನೇ ನಿಮ್ಮ ಕೋಣೆಗೆ ತನ್ನಿ. ನೆಲದ ಹತ್ತಿರ ಭಾರವಾದವು ಇರಲಿ: ಪೆಟಾರಿ, ಹಂಡೆ, ಕೊಪ್ಪರಿಗೆ. ಕುಳಿತವರ ಕಣ್ಣಿನ ಎತ್ತರದಿಂದ ನಿಂತವರ ಕಣ್ಣಿನ ಎತ್ತರದವರೆಗೆ ಪಟಗಳು ಮತ್ತು ಫೋಟೋಗಳು ಬರಲಿ. ಬಾಗಿಲ ಚೌಕಟ್ಟಿನ ಮೇಲ್ಮಟ್ಟದಲ್ಲಿ ನಾಲ್ಕೂ ಗೋಡೆಗಳನ್ನು ಸುತ್ತುವ ನಾಗಂದಿಗೆಯೊಂದನ್ನು ಮಾಡಿಸಿ, ಸಣ್ಣ ಪಾತ್ರೆಗಳನ್ನೂ ದೀಪಗಳನ್ನೂ ಅದರ ಮೇಲೆ ಒಂದೇ ಲೋಹದ ಗುಂಪುಗಳಾಗಿ ಇಡಿ. ಗಿಳಿಗೂಟಗಳನ್ನು ಒಂದೊಂದು ಗೋಡೆಗೆ ಒಂದೊಂದರಂತೆ ಹಂಚಿದರೆ ಅವು ಕಳೆದುಹೋಗುತ್ತವೆ. ಎಲ್ಲವನ್ನೂ ಒಂದೇ ಸಾಲಿನಲ್ಲಿ, ಸಮ ಅಂತರದಲ್ಲಿ ಹಾಕಿದರೆ ಅದೊಂದು ಪಟ್ಟಿಕೆಯಾಗುತ್ತದೆ.

ಪಟಗಳನ್ನು ತೂಗುಹಾಕುವ ಮೊದಲು ಪ್ರತಿಯೊಂದರ ಅಳತೆಗೆ ಹಳೆಯ ಪತ್ರಿಕೆಯನ್ನು ಕತ್ತರಿಸಿ, ನೆಲದ ಮೇಲೆ ಹರಡಿ ಜೋಡಿಸಿಕೊಳ್ಳಿ. ಅತಿ ದೊಡ್ಡ ಪಟ ನಡುವಿನಿಂದ ಸ್ವಲ್ಪ ಪಕ್ಕಕ್ಕಿರಲಿ, ಅದರ ಮಧ್ಯಭಾಗ ನೆಲದಿಂದ ಸುಮಾರು 145 ಸೆಂ.ಮೀ. ಎತ್ತರಕ್ಕೆ ಬರಲಿ, ಉಳಿದವು ಅದರ ಸುತ್ತ 5ರಿಂದ 8 ಸೆಂ.ಮೀ. ಅಂತರ ಬಿಟ್ಟು ಬೆಳೆಯುತ್ತ ಹೋಗಲಿ. ಅಂತರ ಎಲ್ಲೆಡೆ ಒಂದೇ ಆಗಿದ್ದರೆ ಚೌಕಟ್ಟುಗಳು ಬೇರೆ ಬೇರೆಯಾಗಿದ್ದರೂ ಗೋಡೆ ಒಂದಾಗಿ ಕಾಣುತ್ತದೆ. ಆ ಪತ್ರಿಕೆಯ ತುಂಡುಗಳನ್ನೇ ಗೋಡೆಗೆ ಅಂಟಿಸಿ, ಕೆಲವು ದಿನ ಅದರ ಮುಂದೆ ಓಡಾಡಿ ನೋಡಿದ ಮೇಲೆ ಮೊಳೆ ಹೊಡೆಯಿರಿ.

ಬಣ್ಣದ ವಿಚಾರದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ. ಬೂದು ಬಣ್ಣ ಬೇಡ, ಅಚ್ಚ ಬಿಳಿಯೂ ಬೇಡ. ಹಿತ್ತಾಳೆ, ತಾಮ್ರ, ಹಳೆಯ ಮರ ಮೂರೂ ಬೆಚ್ಚಗಿನ ಬಣ್ಣದವು. ಮಳೆಗಾಲದ ಮಂಕು ಬೆಳಕಿನಲ್ಲಿ ತಣ್ಣನೆಯ ಬೂದು ಗೋಡೆಯ ಮುಂದೆ ಅವು ಕೊಳಕಾಗಿ ಕಾಣುತ್ತವೆ. ಜಾಜು ಕೆಂಪು, ಅಡಿಕೆ ಚೊಗರಿನ (ಅಡಿಕೆ ಬೇಯಿಸಿದಾಗ ಉಳಿಯುವ ರಸದ) ಕಂದುಗೆಂಪು, ಹಣ್ಣಡಿಕೆಯ ಕಿತ್ತಳೆ, ಪಾಚಿಯ ಹಸಿರು ಇವೆಲ್ಲ ನಮ್ಮ ಸುತ್ತಲೇ ಇರುವ ಬಣ್ಣಗಳು. ಒಂದನ್ನು ಗೋಡೆಗೆ ಆರಿಸಿ, ಇನ್ನೊಂದನ್ನು ಬಟ್ಟೆಗಳಲ್ಲಿ ತನ್ನಿ, ಮೂರನೆಯದು ಅಲ್ಲಲ್ಲಿ ಮಾತ್ರ ಕಾಣಿಸಿಕೊಳ್ಳಲಿ. ಪರದೆ ಮತ್ತು ಗಾದಿಗಳಿಗೆ ಹೆಗ್ಗೋಡಿನ ಸಮೀಪದ ಭೀಮನಕೋಣೆಯಲ್ಲಿ ಚರಕ ಸಂಸ್ಥೆಯ ಮಹಿಳೆಯರು ನೇಯುವ, ನೈಸರ್ಗಿಕ ಬಣ್ಣದ ಕೈಮಗ್ಗದ ಬಟ್ಟೆಗಳನ್ನು ನೋಡಿ. ಅಡಿಕೆ ಚೊಗರಿನಿಂದ ಬಂದ ಬಣ್ಣ ನಿಮ್ಮ ಪೆಟಾರಿಯ ಪಕ್ಕದಲ್ಲಿ ತಾನಾಗಿ ಹೊಂದಿಕೊಳ್ಳುತ್ತದೆ.

ಫಾಲ್ಸ್ ಸೀಲಿಂಗ್ ಖಂಡಿತ ಬೇಡ. ಕೋಣೆಯ ಎತ್ತರವನ್ನು ಕಳೆದುಕೊಂಡ ಮೇಲೆ ಈ ಶೈಲಿಗೆ ಉಸಿರಾಡಲು ಜಾಗವಿರುವುದಿಲ್ಲ.

ಉತ್ತರ: ಹೊಸನಗರದ ಗೃಹಿಣಿ

ಮೇಲಿನವರು ಹೇಳಿದ ಕ್ರಮವೆಲ್ಲ ಚೆನ್ನಾಗಿದೆ. ಆದರೆ ನಮ್ಮ ಕಡೆ ಮನೆ ತುಂಬಿಸುವವರು ಮೊದಲು ಕೇಳಿಕೊಳ್ಳಬೇಕಾದದ್ದು ನಿಮ್ಮ ಅತ್ತೆಯವರು ಕೇಳಿದ ಪ್ರಶ್ನೆಯನ್ನೇ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ, ನಮ್ಮ ಹೊಸನಗರದ ಘಟ್ಟದಂಚಿನ ಊರುಗಳೂ ಅದಕ್ಕೆ ಬಹಳ ಹಿಂದೆ ಉಳಿದಿಲ್ಲ. ಶಿವಮೊಗ್ಗ ಪೇಟೆಯಲ್ಲಿ ಮಳೆ ಎಷ್ಟೋ ಕಡಿಮೆಯಾದರೂ, ಆರಿದ್ರಾ ಮಳೆ ಹಿಡಿದು ಪುಷ್ಯ, ಆಶ್ಲೇಷ ಮುಗಿಯುವವರೆಗೆ ಗೋಡೆಯ ತಂಪು ಅಲ್ಲಿಯೂ ಆರುವುದಿಲ್ಲ.

ವಾಲ್‌ಪೇಪರ್ ಹಾಕಿಸಬೇಡಿ. ಅದರ ಅಂಟೇ ಬೂಷ್ಟಿಗೆ ಆಹಾರವಾಗುತ್ತದೆ, ಮತ್ತು ಕಾಗದದ ಹಿಂದೆ ನಡೆಯುತ್ತಿರುವುದು ನಮಗೆ ಗೊತ್ತಾಗುವ ಹೊತ್ತಿಗೆ ಮೂಲೆಗಳು ಬಿಚ್ಚಿಕೊಂಡಿರುತ್ತವೆ. ಹೊಸ ಗಾರೆಯ ಗೋಡೆಯಾದರೆ ಇನ್ನೂ ಕಷ್ಟ, ಏಕೆಂದರೆ ಅದರೊಳಗಿನ ನೀರಿನಂಶ ಹೊರಬರುತ್ತ ಉಪ್ಪನ್ನು ಮೇಲ್ಮೈಗೆ ತಳ್ಳುತ್ತದೆ. ಒಂದು ಮಳೆಗಾಲವನ್ನು ಸಾದಾ ಸುಣ್ಣದಲ್ಲೇ ಕಳೆದು, ಯಾವ ಗೋಡೆ ಎಲ್ಲಿ ಒಸರುತ್ತದೆ ಎಂಬುದನ್ನು ಗುರುತು ಮಾಡಿಕೊಂಡು, ದೀಪಾವಳಿಯ ನಂತರ ಗಾಢ ಬಣ್ಣ ಬಳಿಸಿ. ಸುಣ್ಣದಲ್ಲಿ ಬಣ್ಣದ ಮಣ್ಣನ್ನು ಕಲಸಿ ಬಳಿದರೆ ಗೋಡೆ ತೇವವನ್ನು ಹೊರಬಿಡುತ್ತದೆ, ಸುಣ್ಣದ ಕ್ಷಾರಗುಣಕ್ಕೆ ಬೂಷ್ಟೂ ಸುಲಭವಾಗಿ ಹಿಡಿಯುವುದಿಲ್ಲ. ಹೊಳಪಿನ ಪ್ಲಾಸ್ಟಿಕ್ ಪೇಂಟು ತೇವವನ್ನು ಒಳಗೇ ಹಿಡಿದಿಟ್ಟು, ಕೊನೆಗೆ ಗುಳ್ಳೆಯೆದ್ದು ಸುಲಿಯುತ್ತದೆ.

ನಿಮ್ಮ ರವಿವರ್ಮ ಪಟಗಳ ಬಗ್ಗೆ ವಿಶೇಷವಾಗಿ ಬರೆಯಬೇಕಾಗಿದೆ. 1894ರಲ್ಲಿ ಮುಂಬಯಿಯಲ್ಲಿ ಶುರುವಾಗಿ, ಆಮೇಲೆ ಲೋಣಾವಳ ಬಳಿಯ ಮಳವಳಿಗೆ ಹೋದ ಆ ಪ್ರೆಸ್ಸಿನ ಪಟಗಳು ಮಲೆನಾಡಿನ ಎಷ್ಟೋ ಮನೆಗಳ ನಡುಮನೆಯಲ್ಲಿ ಸಾಲಾಗಿ, ಮುಂದಕ್ಕೆ ಬಾಗಿದಂತೆ ತೂಗುತ್ತಿದ್ದವು. ಹಾಗೆ ಬಾಗಿಸುತ್ತಿದ್ದುದರಿಂದ ಕೆಳಗೆ ಕುಳಿತವರಿಗೆ ದೇವರ ಮುಖ ಕಾಣುತ್ತಿತ್ತು, ಪಟದ ಬೆನ್ನಿಗೂ ಗೋಡೆಗೂ ನಡುವೆ ಗಾಳಿಯೂ ಆಡುತ್ತಿತ್ತು. ಈಗಿನವರು ಗೋಡೆಗೆ ಅಂಟಿದಂತೆ ಹಾಕುತ್ತಾರೆ, ಅಲ್ಲೇ ತೊಂದರೆ ಆರಂಭವಾಗುತ್ತದೆ. ಚೌಕಟ್ಟಿನ ಹಿಂಬದಿಯ ಕೆಳಗಿನ ಎರಡು ಮೂಲೆಗಳಿಗೆ ಬಿರಡೆಯ ಅಥವಾ ಮರದ ತುಂಡುಗಳನ್ನು ಅಂಟಿಸಿದರೆ ಬೆರಳು ತೂರುವಷ್ಟು ಸಂದು ಉಳಿಯುತ್ತದೆ, ಅಷ್ಟು ಸಾಕು. ಒಮ್ಮೆ ಪಟವನ್ನು ಕೆಳಗಿಳಿಸಿ, ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಗಾಜಿಗೆ ಕಾಗದ ಅಂಟಿರುವ ಕಡೆ ಎಣ್ಣೆ ಬಿದ್ದಂಥ ಕಪ್ಪು ಕಲೆ ಕಾಣುತ್ತದೆ. ಅದನ್ನು ನೀವಾಗಿ ಕೀಳಲು ಹೋಗಬೇಡಿ, ಬಣ್ಣದ ಪದರವೇ ಗಾಜಿನೊಂದಿಗೆ ಬಂದುಬಿಡುತ್ತದೆ. ಅಂಟದೆ ಇರುವ ಪಟಗಳಿಗೆ ಗಾಜು ಮತ್ತು ಕಾಗದದ ನಡುವೆ ಆಮ್ಲರಹಿತ ರಟ್ಟಿನ ಅಂಚು ಕೊಡಿಸಿ. ಕೆಲವು ಪಟಗಳಲ್ಲಿ ದೇವಿಯ ಸೀರೆಗೆ ನಿಜವಾದ ಬಟ್ಟೆ, ಜರಿ, ಮಣಿಗಳನ್ನು ಹಚ್ಚಿರುತ್ತಾರೆ. ಅಂಥದ್ದು ನಿಮ್ಮಲ್ಲಿದ್ದರೆ ಅದನ್ನೇ ಕೋಣೆಯ ಮುಖ್ಯ ಪಟವಾಗಿಸಿ, ಆದರೆ ಬಿಸಿಲು ನೇರವಾಗಿ ಬೀಳುವ ಗೋಡೆಗೆ ಮಾತ್ರ ಹಾಕಬೇಡಿ.

ಪೆಟಾರಿಯ ಕೆಳಗೆ ಕಲ್ಲಿನ ತುಂಡುಗಳನ್ನು ಕೊಟ್ಟು ನೆಲದಿಂದ ಎತ್ತರಿಸಿ. ಅದರ ಅಡಿಯಲ್ಲಿ ನುಣುಪಾದ ಹಳದಿ ಪುಡಿ ಬೀಳುತ್ತಿದ್ದರೆ ಕುಟ್ಟೆ ಹುಳು ಇದೆ ಎಂದೇ ಅರ್ಥ. ಒಳಗೆ ತರುವ ಮುನ್ನ ಔಷಧಿ ಹಾಕಿಸಬೇಕು, ಇಲ್ಲವಾದರೆ ಹೊಸ ಬಾಗಿಲುಗಳಿಗೂ ಹರಡುತ್ತದೆ. ಕಂಬಳಿ, ಕೌದಿಗಳನ್ನು ವರ್ಷವಿಡೀ ಗೋಡೆಯ ಮೇಲೆ ಬಿಡಬೇಡಿ. ಮೃಗಶಿರ ಮಳೆಗೆ ಮೊದಲೇ ಇಳಿಸಿ, ಚೆನ್ನಾಗಿ ಒಣಗಿಸಿ, ಕರಿಮೆಣಸು ಮತ್ತು ಒಣಗಿದ ಬೇವಿನ ಸೊಪ್ಪು ಇಟ್ಟು ಪೆಟಾರಿಯಲ್ಲಿ ತುಂಬಿಸಿ, ನವರಾತ್ರಿಯ ಬಿಸಿಲಿಗೆ ಮತ್ತೆ ಹೊರತೆಗೆಯಿರಿ. ಮಳೆಗಾಲದಲ್ಲಿ ಗೋಡೆ ಸ್ವಲ್ಪ ಬರಿದಾಗಿರುತ್ತದೆ, ಹಬ್ಬದ ಹೊತ್ತಿಗೆ ಮತ್ತೆ ತುಂಬುತ್ತದೆ. ಇದರಿಂದ ನಿಮ್ಮ ಅತ್ತೆಯವರ ಕೆಲಸವೂ ಅರ್ಧದಷ್ಟು ಕಡಿಮೆಯಾಗುತ್ತದೆ.

ಇನ್ನು ಹಿತ್ತಾಳೆ, ತಾಮ್ರದ ಮಾತು. ನಾಗಂದಿಗೆಯ ಮೇಲಿನ ಪಾತ್ರೆಗಳನ್ನು ಪದೇಪದೇ ಹುಣಸೆಹಣ್ಣು ಹಾಕಿ ಉಜ್ಜಬೇಕಾಗಿಲ್ಲ. ಕಂದು ಬಣ್ಣ ತಿರುಗಿದ ಹಿತ್ತಾಳೆಗೂ ಅದರದೇ ಅಂದವಿದೆ. ಬಾಗಿಲ ಬಳಿ ಇಡುವ ಹಂಡೆಯೊಂದನ್ನು ಮಾತ್ರ ಬೆಳಗಿ, ಉಳಿದವನ್ನು ಒಣಬಟ್ಟೆಯಲ್ಲಿ ಒರೆಸುತ್ತಿದ್ದರೆ ಸಾಕು.

ಉತ್ತರ: ಸೊರಬ ಸೀಮೆ

ವಾಲ್‌ಪೇಪರ್ ಬೇಡವೆಂದು ಅಕ್ಕನವರು ಹೇಳಿದ್ದಾರೆ. ಚಿತ್ತಾರದ ಗೋಡೆ ಬೇಕೆಂಬ ನಿಮ್ಮ ಆಸೆಗೆ ನಮ್ಮ ಸಾಗರ, ಸೊರಬ ಕಡೆಯ ಹಸೆ ಚಿತ್ತಾರ ತಕ್ಕ ಉತ್ತರವಾದೀತು ಎಂದು ನಾನು ಭಾವಿಸುತ್ತೇನೆ.

ದೀವರ ಸಮುದಾಯದ ಮನೆಗಳ ಹೆಂಗಸರು ಮದುವೆಯ ಸಮಯದಲ್ಲಿ ಮದುಮಕ್ಕಳು ಕೂರುವ ಹಸೆಯ ಹಿಂದಿನ ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆಗಳಿಂದ ಬರೆಯುವ ಚಿತ್ರವಿದು. ಕಪ್ಪಿಗೆ ಹುರಿದು ಕರಿಕಾಗಿಸಿದ ಅಕ್ಕಿ, ಹಳದಿಗೆ ಗುರಿಗೆ ಬೀಜ, ಕೆಂಪಿಗೆ ಮಣ್ಣು ಬಳಕೆಯಾಗುತ್ತವೆ. ಕುಂಚವೆಂದರೆ ಪುಂಡಿನಾರು. ತೆಳುವಾದ ನಾರನ್ನು ಹಿಟ್ಟಿನಲ್ಲಿ ಅದ್ದಿ, ಉದ್ದಕ್ಕೆ ಎಳೆದು, ಗೋಡೆಗೆ ತಾಗಿಸಿ ಬಿಡುತ್ತ ಹೋಗುವ ಆ ಕೈಯನ್ನು ಹತ್ತಿರದಿಂದ ನೋಡಬೇಕು: ಗೆರೆ ಎಲ್ಲಿಯೂ ದಪ್ಪವಾಗುವುದಿಲ್ಲ, ಎಲ್ಲಿಯೂ ಕಡಿಯುವುದಿಲ್ಲ, ಒಂದರ ಪಕ್ಕ ಒಂದರಂತೆ ಬಿದ್ದ ಎಳೆಗಳ ನಡುವೆ ಉಳಿದ ಕೆಂಪು ಕೂಡ ಒಂದು ಗೆರೆಯಾಗಿಬಿಡುತ್ತದೆ. ತ್ರಿಕೋನ, ಚೌಕ, ಏಣಿಯಂಥ ಆಕಾರಗಳಲ್ಲಿ ಇಡೀ ಚೌಕಟ್ಟು ತುಂಬಿದರೂ ಬಣ್ಣಗಳು ನಾಲ್ಕೇ ಆಗಿರುವುದರಿಂದ ಗೊಂದಲ ಹುಟ್ಟುವುದಿಲ್ಲ. ಭೂಮಿ ಹುಣ್ಣಿಮೆಗೆ ಗದ್ದೆಗೆ ಒಯ್ಯುವ ಬೂಮಣ್ಣಿ ಬುಟ್ಟಿಯ ಮೇಲೆಯೂ ಇದೇ ಚಿತ್ತಾರ ಇರುತ್ತದೆ. ಬಿದಿರಿನ ಬುಟ್ಟಿಗೆ ಸಗಣಿ, ಮಣ್ಣು ಮೆತ್ತಿ, ಒಣಗಿಸಿ, ಅದರ ಮೇಲೆ ಬರೆಯುತ್ತಾರೆ.

ನಿಮ್ಮ ಕೋಣೆಯ ಒಂದು ಗೋಡೆಯನ್ನು ಇದಕ್ಕೆ ಬಿಡಿ. ಆ ಗೋಡೆಗೆ ಪಟಗಳನ್ನಾಗಲಿ ಗೂಟಗಳನ್ನಾಗಲಿ ಹಾಕಬೇಡಿ. ಚಿತ್ತಾರವನ್ನು ಹಿನ್ನೆಲೆಯಾಗಿ ಮಾಡಿ ಅದರ ಮೇಲೆ ಮತ್ತೇನನ್ನೋ ಜೋಡಿಸುವುದು ನನಗೆ ಸರಿಕಾಣುವುದಿಲ್ಲ. ಅದು ಮಂಗಳಕಾರ್ಯಕ್ಕೆಂದು ಬರೆಯುವ, ಅರ್ಥವಿರುವ ಚಿತ್ರ. ಬರೆಯುವವರನ್ನೇ ಕರೆಸಿ, ಅವರು ಹೇಳಿದ ಗೌರವಧನ ಕೊಟ್ಟು, ಯಾವ ಚಿತ್ತಾರ ಎಂಬುದನ್ನೂ ಅವರಿಗೇ ಬಿಡಿ. ಇಂಟರ್ನೆಟ್ಟಿನ ಚಿತ್ರವೊಂದನ್ನು ಸ್ಟಿಕರ್ ಮಾಡಿಸಿ ಅಂಟಿಸುವವರನ್ನು ನೋಡುತ್ತಿದ್ದೇನೆ, ಅದರಿಂದ ಮನಸ್ಸಿಗೆ ನೋವಾಗುತ್ತದೆ. ಗೋಡೆಯಲ್ಲಿ ತೇವದ ಭಯವಿದ್ದರೆ ಮರದ ಹಲಗೆಯ ಮೇಲೋ ಬಟ್ಟೆಯ ಮೇಲೋ ಬರೆಸಬಹುದು. ಹಾಗೆ ಬರೆದುಕೊಡುವವರು ಈಗ ಇದ್ದಾರೆ.

ನಮ್ಮ ಕಡೆಯ ಗುಡಿಗಾರರನ್ನೂ ಮರೆಯಬೇಡಿ. ಶ್ರೀಗಂಧದ ಕೆತ್ತನೆಗೆ ಅವರು ಹೆಸರಾಗಿದ್ದರೂ, ಶಿವನಿ ಮರದಲ್ಲಿ ಅವರು ಕೆತ್ತುವ ಬಳ್ಳಿಗಳು ಎಷ್ಟೋ ಕಡಿಮೆ ಬೆಲೆಗೆ ಸಿಗುತ್ತವೆ. ಬೆಂಡಿನಲ್ಲಿ ಮಾಡುವ ಬಾಸಿಂಗಗಳಂತೂ ಗಾಜಿನ ಪೆಟ್ಟಿಗೆಯೊಳಗೆ ಇಡಲು ಯೋಗ್ಯವಾದವು. ನಿಮ್ಮ ಕಂಬಗಳ ಬೋದಿಗೆಯಲ್ಲಿ ಮುರಿದ ಭಾಗವಿದ್ದರೆ ಅವರಿಂದಲೇ ದುರಸ್ತಿ ಮಾಡಿಸಿ.

ಉತ್ತರ: ಭದ್ರೆಯ ಆಚೆ

ನಾನು ಬೇರೆ ಅಭಿಪ್ರಾಯದವನು. ಹಳೆಯ ಮನೆಯಲ್ಲಿ ಹಂಡೆ ಬಚ್ಚಲಲ್ಲಿತ್ತು, ಕೊಪ್ಪರಿಗೆ ಆಲೆಮನೆಯಲ್ಲಿತ್ತು, ಪೆಟಾರಿ ಅಟ್ಟದಲ್ಲಿತ್ತು, ಪಟ ನಡುಮನೆಯಲ್ಲಿತ್ತು. ಹತ್ತು ಅಂಕಣದ ಮನೆಯ ಸಾಮಾನನ್ನು ಒಂದೇ ಕೋಣೆಗೆ ತುಂಬಿಸಿದರೆ ಆ ಮನೆಯೂ ಕಾಣುವುದಿಲ್ಲ, ಈ ಮನೆಯೂ ಕಾಣುವುದಿಲ್ಲ. ಮನೆಯಲ್ಲಿ ಅತ್ತೆಯವರಿದ್ದಾರೆ ಎಂದು ಬರೆದಿದ್ದೀರಿ. ರಾತ್ರಿ ಎದ್ದು ಓಡಾಡುವವರಿಗೆ ನೆಲದ ಮೇಲಿನ ಕೊಪ್ಪರಿಗೆ, ಮಡಿಚಿಕೊಂಡ ಚಾಪೆಯ ಅಂಚು, ಎರಡೂ ಅಪಾಯ. ಗೋಡೆಯನ್ನು ಎಷ್ಟು ಬೇಕಾದರೂ ತುಂಬಿಸಿ, ಓಡಾಡುವ ದಾರಿಯಲ್ಲಿ ಮಾತ್ರ ಏನನ್ನೂ ಇಡಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಉತ್ತರ: ಕೆಳದಿ ದಾರಿ

ಅಲಂಕಾರದ ಬಗ್ಗೆ ಹೇಳುವವರು ಹೇಳಿದ್ದಾರೆ. ನಾನು ಎರಡು ವಸ್ತುಗಳ ಬಗ್ಗೆ ಮಾತ್ರ ಬರೆಯುತ್ತೇನೆ.

ಕಡವೆಯ ಕೊಂಬನ್ನು ಗೋಡೆಗೆ ಹಾಕುವ ಯೋಚನೆಯನ್ನು ಸದ್ಯಕ್ಕೆ ಕೈಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಂಥ ವಸ್ತುವನ್ನು ಮನೆಯಲ್ಲಿ ಇಟ್ಟುಕೊಳ್ಳಲು ಮಾಲೀಕತ್ವದ ಪ್ರಮಾಣಪತ್ರ ಬೇಕು. ಅಜ್ಜನ ಕಾಲದ್ದು ಎಂಬುದೊಂದೇ ಸಾಲುವುದಿಲ್ಲ, ಮತ್ತು ಮನೆ ಬಿಚ್ಚಿ ಒಂದು ಊರಿನಿಂದ ಇನ್ನೊಂದು ಊರಿಗೆ ಸಾಗಿಸುವಾಗಲೂ ಈ ಪ್ರಶ್ನೆ ಏಳುತ್ತದೆ. ಹಿರಿಯರ ಹೆಸರಿನಲ್ಲಿ ಹಿಂದೆ ಪ್ರಮಾಣಪತ್ರ ಪಡೆದಿದ್ದರೇ ಎಂದು ಹಳೆಯ ಕಾಗದಗಳಲ್ಲಿ ಹುಡುಕಿ. ಸಿಗದಿದ್ದರೆ ವಕೀಲರೊಬ್ಬರನ್ನು ಕೇಳಿಕೊಂಡು, ಅರಣ್ಯ ಇಲಾಖೆಗೆ ನೀವಾಗಿಯೇ ತಿಳಿಸುವುದು ಒಳ್ಳೆಯದು. ಮಲೆನಾಡಿನ ಹಳೆಯ ಮನೆಗಳಲ್ಲಿ ಇಂಥ ಕೊಂಬುಗಳು ಸಾಮಾನ್ಯವಾದ್ದರಿಂದ ಜನ ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ.

ತಾಳೆಗರಿಯ ಕಟ್ಟು ಅಲಂಕಾರದ ವಸ್ತುವಲ್ಲ. ಅದನ್ನು ಬಿಚ್ಚಿ, ಒಂದೊಂದು ಗರಿಯನ್ನು ಚೌಕಟ್ಟಿಗೆ ಹಾಕಿಸಿ ತೂಗುಹಾಕಿದವರಿದ್ದಾರೆ. ಹಾಗೆ ಮಾಡಿದರೆ ಗರಿಗಳ ಅನುಕ್ರಮ ತಪ್ಪಿ, ಅದರಲ್ಲಿರುವುದು ಏನೆಂದು ಓದುವ ಸಾಧ್ಯತೆಯೇ ಹೋಗುತ್ತದೆ. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿ ಹಸ್ತಪ್ರತಿಗಳ ಸಂಗ್ರಹವಿದೆ. ದಾರವನ್ನು ಬಿಚ್ಚದೆ, ಶುಭ್ರವಾದ ಹತ್ತಿಬಟ್ಟೆಯಲ್ಲಿ ಸುತ್ತಿ ಅಲ್ಲಿಗೆ ಒಯ್ದು, ತಿಳಿದವರಿಗೆ ತೋರಿಸಿ. ಅದು ಯಾವ ಗ್ರಂಥವೆಂದು ಗೊತ್ತಾದ ಮೇಲೆ ಅಲ್ಲೇ ಕೊಡುವುದೋ ಮನೆಯಲ್ಲಿ ಕಾಪಾಡುವುದೋ ತೀರ್ಮಾನಿಸಬಹುದು. ಹೋದಾಗ ರಾಮೇಶ್ವರ ದೇವಾಲಯದ ಮರದ ಕಂಬಗಳನ್ನೂ ಕೆತ್ತನೆಯನ್ನೂ ನೋಡಿ ಬನ್ನಿ. ನಿಮ್ಮ ಕಂಬಗಳನ್ನು ಹೇಗೆ ನಿಲ್ಲಿಸಬೇಕೆಂಬುದಕ್ಕೆ ಅಲ್ಲಿ ಸುಳಿವು ಸಿಗಬಹುದು.

ಮರುಪ್ರಶ್ನೆ: ತುಂಗಾತೀರ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಈ ಉತ್ತರಗಳನ್ನು ಅತ್ತೆಯವರಿಗೆ ಓದಿ ಹೇಳಿದೆ. ಹೊಸನಗರದ ಅಕ್ಕನವರು ಬರೆದದ್ದನ್ನು ಅವರು ಎರಡನೆಯ ಸಲ ಓದಿಸಿಕೊಂಡರು. ಈ ಮಳೆಗಾಲಕ್ಕೆ ಗೋಡೆಗಳಿಗೆ ಸುಣ್ಣ ಮಾತ್ರ ಎಂದು ತೀರ್ಮಾನಿಸಿದ್ದೇವೆ. ಫಾಲ್ಸ್ ಸೀಲಿಂಗ್ ರದ್ದಾಗಿದೆ. ಕೊಂಬಿನ ವಿಷಯವಾಗಿ ವಕೀಲರನ್ನು ಕಾಣುತ್ತೇನೆ, ತಾಳೆಗರಿಯ ಕಟ್ಟನ್ನು ಕೆಳದಿಗೆ ಒಯ್ಯುತ್ತೇನೆ. ಭದ್ರೆಯ ಆಚೆಯವರು ಹೇಳಿದಂತೆ ಕೊಪ್ಪರಿಗೆಗಳಲ್ಲಿ ಒಂದನ್ನು ಮಾತ್ರ ಕೋಣೆಯಲ್ಲಿಟ್ಟು, ಉಳಿದವನ್ನು ಮಹಡಿ ಮೆಟ್ಟಿಲ ಕೆಳಗಿನ ಜಾಗಕ್ಕೆ ಸೇರಿಸುವ ಆಲೋಚನೆಯಿದೆ.

ಎರಡು ಸಂದೇಹ ಉಳಿದಿವೆ. ಕಾಂಕ್ರೀಟ್ ತಾರಸಿಯ ಮನೆಯಲ್ಲಿ ಭಾರ ಹೊರದ ಮರದ ಕಂಬಗಳನ್ನು ನಿಲ್ಲಿಸಿದರೆ ನಾಟಕದ ರಂಗಸಜ್ಜಿಕೆಯ ಹಾಗೆ ಕೃತಕವಾಗಿ ಕಾಣುವುದಿಲ್ಲವೇ? ಮತ್ತು ಗೋಡೆಗಳು ಜಾಜು ಕೆಂಪಾದರೆ ಮಳೆಗಾಲದ ಮಧ್ಯಾಹ್ನ ಕೋಣೆ ಕತ್ತಲಾಗುವುದಿಲ್ಲವೇ?

ಉತ್ತರ: ಬೋದಿಗೆ

ಕಂಬಗಳನ್ನು ಕೋಣೆಯ ನಡುವೆ ಒಂಟಿಯಾಗಿ ನಿಲ್ಲಿಸಿದರೆ ನೀವು ಹೇಳಿದ ಹಾಗೆಯೇ ಆಗುತ್ತದೆ. ಅವುಗಳಿಗೆ ಏನಾದರೊಂದು ಕೆಲಸ ಕೊಡಿ. ಮುಂದಿನ ಕೋಣೆಗೂ ಊಟದ ಜಾಗಕ್ಕೂ ನಡುವೆ ಜೋಡಿಯಾಗಿ ನಿಲ್ಲಿಸಿ, ಬೋದಿಗೆಗಳ ಮೇಲೆ ಹಳೆಯ ಮರದ ತೊಲೆಯೊಂದನ್ನು ಅಡ್ಡ ಕೂರಿಸಿ, ಅದನ್ನು ತಾರಸಿಗೆ ಬಿಗಿಸಿದರೆ ಕಂಬಗಳು ನಿಜವಾಗಿಯೂ ಆ ತೊಲೆಯನ್ನು ಹೊರುತ್ತವೆ. ಶಿವಮೊಗ್ಗದ ಶಿವಪ್ಪ ನಾಯಕನ ಅರಮನೆಗೆ ಹೋಗಿ, ಅಲ್ಲಿನ ಭಾರಿ ಮರದ ಕಂಬಗಳನ್ನೂ ಅವುಗಳ ನಡುವಿನ ಕಮಾನುಗಳನ್ನೂ ನೋಡಿ. ಅಲ್ಲಿ ಕಂಬ, ಕಮಾನುಗಳೇ ಒಂದು ಜಾಗವನ್ನು ಇನ್ನೊಂದರಿಂದ ಬೇರ್ಪಡಿಸುತ್ತವೆ. ಕಂಬದ ಬುಡ ನೇರವಾಗಿ ಟೈಲ್ಸ್ ಮೇಲೆ ಕೂರದಿರಲಿ. ನೆಲ ಒರೆಸುವ ನೀರನ್ನು ಮರ ತನ್ನ ಕತ್ತರಿಸಿದ ತುದಿಯಿಂದ ಮೇಲಕ್ಕೆ ಹೀರಿಕೊಳ್ಳುತ್ತದೆ. ಹಳೆಯ ಮನೆಯಲ್ಲಿದ್ದ ಕಂಬದ ಕಲ್ಲುಗಳು ಅಲ್ಲೇ ಬಿದ್ದಿದ್ದರೆ ಅವನ್ನೇ ತರಿಸಿಕೊಳ್ಳಿ.

ಬೆಳಕಿನ ಪ್ರಶ್ನೆ ಮುಖ್ಯವಾದದ್ದು. ಸೂರಿನ ನಡುವೆ ಒಂದೇ ಬಿಳಿ ಟ್ಯೂಬ್‌ಲೈಟ್ ಹಾಕಿದರೆ ಗಾಢ ಬಣ್ಣದ ಕೋಣೆ ಕತ್ತಲಾಗಿಯೂ ಕಾಣುತ್ತದೆ, ವಸ್ತುಗಳೆಲ್ಲ ಚಪ್ಪಟೆಯಾಗಿಯೂ ಕಾಣುತ್ತವೆ. ಬೆಳಕನ್ನು ಮೂರು ಎತ್ತರಗಳಿಗೆ ಹಂಚಿ. ಪೆಟಾರಿಯ ಪಕ್ಕ ನೆಲದ ಹತ್ತಿರ ಒಂದು ದೀಪ, ಆರಾಮಕುರ್ಚಿಯ ಬಳಿ ಓದುವ ಎತ್ತರದಲ್ಲಿ ಒಂದು, ನಾಗಂದಿಗೆಯ ಹಿಂದೆ ಅಡಗಿಸಿದ, ಸೂರಿಗೆ ಬೆಳಕು ಚೆಲ್ಲುವ ಎಲ್‌ಇಡಿ ಪಟ್ಟಿ ಒಂದು. ಬಲ್ಬಿನ ಪೊಟ್ಟಣದ ಮೇಲೆ 2700 ಕೆಲ್ವಿನ್ ಎಂದು ಇರುವುದನ್ನೇ ಕೊಳ್ಳಿ, ಆ ಹಳದಿ ಬೆಳಕಿನಲ್ಲಿ ತಾಮ್ರ ಹಿತ್ತಾಳೆಗಳು ಜೀವ ತಳೆಯುತ್ತವೆ. ಸೂರನ್ನು ಸುಣ್ಣದ ಬಿಳಿಯಲ್ಲೇ ಬಿಟ್ಟರೆ ಅದು ಬೆಳಕನ್ನು ಕೆಳಗೆ ಚೆಲ್ಲುತ್ತದೆ. ಕಿಟಕಿಯ ಎದುರಿನ ಗೋಡೆಗೆ ಹಳೆಯ ಬೆಲ್ಜಿಯಂ ಕನ್ನಡಿಯೋ ಹೊಸದೊಂದು ದೊಡ್ಡ ಕನ್ನಡಿಯೋ ಇದ್ದರೆ ಹಗಲ ಬೆಳಕು ಇನ್ನಷ್ಟು ಒಳಗೆ ಬರುತ್ತದೆ.

ಕೆಂಪನ್ನು ನಾಲ್ಕೂ ಗೋಡೆಗಳಿಗೆ ಒಮ್ಮೆಲೇ ಬಳಿಸಬೇಕಾಗಿಲ್ಲ. ಹಸೆ ಚಿತ್ತಾರದ ಗೋಡೆಯಿಂದ ಆರಂಭಿಸಿ, ಅದರ ಎದುರಿನ ಗೋಡೆಯ ಕೆಳಗಿನ ಅರ್ಧಕ್ಕೆ ಅದೇ ಕೆಂಪನ್ನು ತನ್ನಿ, ಮೇಲಿನ ಅರ್ಧ ಸುಣ್ಣದಲ್ಲೇ ಇರಲಿ. ಉಳಿದೆರಡು ಗೋಡೆಗಳ ತೀರ್ಮಾನವನ್ನು ಪತ್ರಿಕೆಯ ತುಂಡುಗಳನ್ನು ಅಂಟಿಸಿ ನೋಡಿದ ಮೇಲೆ ಮಾಡೋಣ. ಆ ಹೊತ್ತಿಗೆ ಕೋಣೆಯ ನಾಲ್ಕೂ ಗೋಡೆಗಳ ಅಳತೆ ಮತ್ತು ಕಿಟಕಿಗಳ ದಿಕ್ಕನ್ನು ಇಲ್ಲಿ ಬರೆಯಿರಿ.